ಸೇರಿನಲ್ಲಿ ಹತ್ತಿ ಅಳೆದದ್ದು

ಮನುಷ್ಯನ ಕೈಗೆ ಹೊಸ ಗಡಿಯಾರವನ್ನೂ ಹೊಸ ವಿದ್ಯೆಯನ್ನೂ ಒಟ್ಟಿಗೆ ಕೊಡಬಾರದು. ಒಂದೊಂದಾಗಿ ಕೊಟ್ಟರೆ ಮನೆಯವರು ಹೇಗೋ ತಡೆದುಕೊಂಡಾರು. ನಾನು ಹೈದರಾಬಾದಿನಲ್ಲಿ ಮೂರು ತಿಂಗಳ ಮಾಸ್ತರರ ತರಬೇತಿ ಮುಗಿಸಿ ಲಿಂಗಸುಗೂರಿಗೆ ಮರಳಿದಾಗ ಎಡಗೈಗೆ ಗಡಿಯಾರ ಕಟ್ಟಿದ್ದೆ, ಬಗಲಲ್ಲಿ ಬುದ್ಧಿಮಾಪನದ ಪುಸ್ತಿಕೆ ಹಿಡಿದಿದ್ದೆ. ಇಪ್ಪತ್ತು ಪ್ರಶ್ನೆ, ಇಪ್ಪತ್ತು ನಿಮಿಷ. ಎಂಥವರ ತಲೆಯೂ ಅಳತೆಗೆ ಸಿಗಬೇಕು. ನಿಜಾಮರ ಕಾಲ ಮುಗಿದು ಐದಾರು ವರ್ಷವಾಗಿತ್ತು. ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದಿತ್ತು, ಇನ್ನು ವಿಜ್ಞಾನ ಬರುವುದಷ್ಟೇ ಬಾಕಿ, ಅದನ್ನು ನಾನೇ ಬಸ್ಸಿನಲ್ಲಿ ತಂದಿದ್ದೇನೆ ಎಂದು ನನ್ನ ನಂಬಿಕೆ. ಮೊದಲ ವಾರದಲ್ಲೇ ಹಾಲಿನವಳ, ಕ್ಷೌರಿಕನ, ಹೆಡ್‌ಮಾಸ್ತರರ ಬುದ್ಧಿ ಅಳೆದುಬಿಟ್ಟೆ. ಹೆಡ್‌ಮಾಸ್ತರರಿಗೆ ಎಷ್ಟು ಬಂತೆಂದು ಮಾತ್ರ ಕೇಳಬೇಡಿ.

ಅವರು ಅದರ ಸೇಡು ತೀರಿಸಿಕೊಂಡರು. ಹೆಣ್ಣುಮಕ್ಕಳ ಶಿಕ್ಷಕಿ ತರಬೇತಿಗೆ ನಮ್ಮ ಭಾಗದಿಂದ ಒಬ್ಬರ ಹೆಸರು ಕಳಿಸಿ ಎಂದು ಮೇಲಿನಿಂದ ಕಾಗದ ಬಂದಾಗ ಆ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. ಅರ್ಜಿ ಹಾಕಿದವರು ಇಬ್ಬರೇ. ಒಬ್ಬಳು ಲಿಂಗಸುಗೂರಿನಲ್ಲೇ ಇದ್ದ ನನ್ನ ಅಕ್ಕನ ಮಗಳು ಪ್ರಮೀಳಾ. ಇನ್ನೊಬ್ಬಳು ಸಾಲಗುಂದದಲ್ಲಿದ್ದ ನನ್ನ ಹೆಂಡತಿಯ ತಂಗಿ ನೀಲಮ್ಮ. ಈ ಸಲ ಸೀಟು ಸಿಗದಿದ್ದರೆ ಓದು ಸಾಕು, ಮದುವೆ ಮಾಡುವುದೇ ಎಂದು ನೀಲಮ್ಮನ ಅಪ್ಪ, ಅಂದರೆ ನನ್ನ ಮಾವನವರು, ಹೇಳಿಯಾಗಿತ್ತು. "ತಮ್ಮಾ, ರಕ್ತಸಂಬಂಧ ಮರೀಬ್ಯಾಡ" ಎಂದಳು ಅಕ್ಕ. ಹೆಂಡತಿ ರೊಟ್ಟಿಯ ತಟ್ಟೆಯನ್ನು ನನ್ನ ಮುಂದೆ ಓಣಿಗೆಲ್ಲ ಕೇಳುವಂತೆ ಇಟ್ಟಳು. ನಾನು ಹೆದರಲಿಲ್ಲ. ಪಕ್ಷಪಾತವೇ ಇಲ್ಲದ ಪುಸ್ತಿಕೆ ನನ್ನ ಬಗಲಲ್ಲಿತ್ತಲ್ಲ!

ಪ್ರಮೀಳೆಗೆ ಇಪ್ಪತ್ತಕ್ಕೆ ಹದಿನೇಳು ಬಂತು. ಮುಂದಿನ ಸೋಮವಾರ ರಜೆ ಹಾಕಿ ಮಸ್ಕಿ, ಸಿಂಧನೂರು ದಾಟಿ ಸಾಲಗುಂದ ಮುಟ್ಟಿದೆ. ಮಾವನವರು ಮಡಿಸಿದ ಧೋತರ ಉಟ್ಟು, ರುಮಾಲು ಸುತ್ತಿ, ಕಾಗದದ ಗಂಟು ಹಿಡಿದು ಅಂಗಳ ದಾಟುತ್ತಿದ್ದರು. ನನ್ನನ್ನು ಕಂಡವರೇ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದರು. "ಅಳಿಯಂದ್ರು ಬಂದಾರ! ಬಸ್ಸು ನಾಳೆನೂ ಬರತೈತಿ. ಏ, ಹೋಳಿಗಿಗೆ ಬ್ಯಾಳಿ ಇಡ್ರಿ" ಎಂದು ಒಳಗೆ ಕೂಗಿದರು. ನಾನು ಬೇಡ ಎನ್ನಲಿಲ್ಲ. ಆರು ಹೋಳಿಗೆ ತಿಂದು, ಕೈ ಸರಿಯಾಗಿ ತೊಳೆಯದೆ, ಗಡಿಯಾರ ನೋಡುತ್ತ ನೀಲಮ್ಮನ ಪರೀಕ್ಷೆ ಶುರುಮಾಡಿದೆ.

ಒಂದು ಚಿತ್ರದಲ್ಲಿ ಟೋಪಿ ಹಾಕಿದ ದೊರೆಸಾನಿ ಕೊಡೆ ಹಿಡಿದು ನಿಂತಿದ್ದಳು. ಇದರಲ್ಲಿ ಏನಿಲ್ಲ ಎಂಬುದು ಪ್ರಶ್ನೆ. ಕೊಡೆಗೆ ಹಿಡಿಕೆ ಇಲ್ಲ ಎಂಬುದು ಪುಸ್ತಿಕೆಯ ಉತ್ತರ. ನೀಲಮ್ಮ ಬಹಳ ಹೊತ್ತು ನೋಡಿದಳು. "ಹಣಿಮ್ಯಾಲ ಕುಂಕುಮಿಲ್ಲ, ಕೈಯಾಗ ಬಳಿ ಇಲ್ಲ. ಪಾಪ, ಆಕಿ ಗಂಡಗ ಏನಾಗಿತ್ರಿ ಮಾಮಾ?" ಎಂದಳು. ಒಳಗಿನಿಂದ ಅತ್ತೆಯವರು ಅಯ್ಯೋ ಶಿವನೇ ಎಂದು ಮರುಗಿದರು. ನಾನು ಸೊನ್ನೆ ಹಾಕಿದೆ. ನೀವು ಬಸ್ಸಿಗೆ ಹೊರಟಾಗ ಬಾಗಿಲಿಗೆ ನೆಂಟರು ಬಂದರೆ ಏನು ಮಾಡುತ್ತೀರಿ ಎಂಬುದು ಇನ್ನೊಂದು ಪ್ರಶ್ನೆ. ಕ್ಷಮೆ ಕೇಳಿ ಹೊರಡುತ್ತೇನೆ ಎನ್ನಬೇಕಿತ್ತು. "ಚಪ್ಪಲಿ ಬಿಡತೀನಿ, ಅವರ ಕಾಲಿಗೆ ನೀರ ಕೊಡತೀನಿ. ಮತ್ತೇನ ಮಾಡಬೇಕ್ರಿ?" ಎಂದಳು ನೀಲಮ್ಮ. ಅದಕ್ಕೂ ದುಂಡಗೆ ಒಂದು ಸೊನ್ನೆ. ಒಟ್ಟು ಎಂಟು ಬಂತು.

ಮನೆಗೆ ಬಂದು ಎರಡೂ ಹಾಳೆಗಳನ್ನು ಹೆಂಡತಿಯ ಮುಂದಿಟ್ಟು, "ನಾನೇನ ಮಾಡ್ಲಿ, ವಿಜ್ಞಾನ ಹಿಂಗ ಹೇಳತೈತಿ" ಎಂದೆ. ಅವಳು ನಿಧಾನವಾಗಿ ಎಲ್ಲ ಓದಿದಳು.

"ಜ್ವಾಳಾನೂ ಸೇರಿಲೇ ಅಳದ್ರಿ, ಹತ್ತೀನೂ ಸೇರಿಲೇ ಅಳದ್ರಿ. ಈಗ ಹತ್ತಿ ತೂಕ ಕಡಿಮಿ ಬಂತಂತ ಹತ್ತೀನ ಬೈಯಾಕತ್ತೀರಿ. ಸೇರು ಒಂದೇ ಇದ್ರ ನ್ಯಾಯ ಆತೇನ್ರೀ?"

ನಾನು ಬಾಯಿ ತೆರೆಯುವ ಮೊದಲೇ ಅವಳ ಬೆರಳು ಬಸ್ಸಿನ ಪ್ರಶ್ನೆಯ ಸೊನ್ನೆಯ ಮೇಲೆ ಬಂದು ನಿಂತಿತು. ಅದರ ನಡುವೆ ಜಿಡ್ಡಿನ ಕಲೆಯಿತ್ತು.

"ಇದು ನಮ್ಮವ್ವ ಹೋಳಿಗಿಗೆ ಹಾಕಿದ ತುಪ್ಪ ಹೌದಲ್ರೀ? ಅವತ್ತು ನಮ್ಮಪ್ಪ ಕಾಲುವಿ ಕಚೇರಿಗೆ ಹೊಲದ ಪೇಶಿಗೆ, ವಿಚಾರಣಿ ಐತಂತ, ಹೊಂಟಿದ್ದ. ನಿಮ್ಮ ಸಲುವಾಗಿ ಬಸ್ಸು ಬಿಟ್ಟ. ಅವಗೂ ಒಂದು ಸೊನ್ನಿ ಹಾಕಿಬಿಡ್ರಿ!"

ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು.

ನೀಲಮ್ಮನನ್ನು ಕರೆಸಿ, ಪ್ರಮೀಳೆಯ ಪಕ್ಕ ಕೂರಿಸಿ, ಒಂದೊಂದು ಪ್ರಶ್ನೆಯೂ ನಿಮಗೆ ಏನೆಂದು ಅರ್ಥವಾಯಿತು ಎಂದು ಇಬ್ಬರನ್ನೂ ಕೇಳಿದೆ. ಇಬ್ಬರಿಗೂ ಒಂದೇ ರೀತಿ ತಿಳಿದ ಪ್ರಶ್ನೆಗಳನ್ನಷ್ಟೇ ಉಳಿಸಿಕೊಂಡು ಮಿಕ್ಕವನ್ನು ಹೊಡೆದುಹಾಕುತ್ತ ಹೋದೆ. ದೊರೆಸಾನಿ ಕೊಡೆಸಮೇತ ಹೋದಳು. ಬಸ್ಸಿನ ಪ್ರಶ್ನೆ ಬಂದಾಗ ಪ್ರಮೀಳಾ ಕಿಸಕ್ಕೆಂದಳು. "ಮಾಮಾ, ಪುಸ್ತಕದವರಿಗೆ ಏನ ಬೇಕೋ ಅದನ್ನ ಬರದೆ. ಬಂದವರನ್ನ ಹಂಗ ಕಳಿಸಿದ್ರ ಅವ್ವ ನನ್ನ ಕಾಲ ಮುರೀತಾಳ" ಎಂದಳು. ಕಡೆಗೆ ಉಳಿದದ್ದು ನಾಲ್ಕೇ ಪ್ರಶ್ನೆ. ನಾಲ್ಕಕ್ಕೆ ನಾಲ್ಕೂ ಇಬ್ಬರದೂ ಸರಿ! ಇಬ್ಬರ ಹೆಸರನ್ನೂ ಬರೆದು, ಯಾಕೆ ಒಬ್ಬರನ್ನು ಆರಿಸಲಾಗದು ಎಂದು ಒಂಬತ್ತು ಪುಟ ವಿವರಿಸಿ ಕಳಿಸಿದೆ. ಎರಡು ಸಾಲಿನ ಉತ್ತರ ಬಂತು. ಹೆಣ್ಣುಮಕ್ಕಳು ಸಿಗದೆ ಬೆಂಚುಗಳು ಖಾಲಿ ಬಿದ್ದಿವೆ, ಇಬ್ಬರನ್ನೂ ಕಳಿಸಿ, ಒಂಬತ್ತು ಪುಟ ಓದಲು ಇಲ್ಲಿ ಯಾರಿಗೂ ಪುರಸೊತ್ತಿಲ್ಲ.

ಎರಡು ವರ್ಷದ ಮೇಲೆ ಒಂದು ದಿನ, ಬುದ್ಧಿಯನ್ನು ನ್ಯಾಯವಾಗಿ ಅಳೆಯುವುದು ಹೇಗೆ ಎಂದು ಮಸ್ಕಿಯ ಮಾಸ್ತರರಿಗೆ ಭಾಷಣ ಮಾಡಲು ಹೊರಟಿದ್ದೆ. ಹೌದು, ನಾನೇ! ಬಸ್ಸಿಗೆ ಐದೇ ನಿಮಿಷವಿತ್ತು. ಚಪ್ಪಲಿ ಮೆಟ್ಟಿ ಬಾಗಿಲು ತೆಗೆದರೆ ಹೊಸ್ತಿಲಾಚೆ ನೀಲಮ್ಮ ನಿಂತಿದ್ದಳು. ಸಿಂಧನೂರಿನ ಶಾಲೆಗೆ ಟೀಚರಾಗಿ ಹಾಕಿದ ಆರ್ಡರು ಕೈಯಲ್ಲಿತ್ತು. ಹಿಗ್ಗಿನಿಂದ ಮುಖ ಅಷ್ಟಗಲ. ನನ್ನ ಕಾಲು ನೋಡಿ, "ಎಲ್ಲಿಗೋ ಹೊಂಟೀರೇನ್ರಿ ಮಾಮಾ?" ಎಂದಳು.

"ಇಲ್ಲವ್ವ, ಈಗ ಬಂದೆ ನೋಡು" ಎಂದು ಚಪ್ಪಲಿ ಬಿಟ್ಟೆ. ಅಷ್ಟರಲ್ಲಿ ಚೌಕದ ಕಡೆಯಿಂದ ಬಸ್ಸಿನ ಹಾರ್ನು ಕೇಳಿತು, ದೂರವಾಯಿತು.

ಒಳಗೆ ಬೇಳೆ ತೊಳೆಯುತ್ತಿದ್ದ ಹೆಂಡತಿ, "ನೀಲಾ, ನಿಮ್ಮ ಮಾಮಗ ಎಷ್ಟು ಹಾಕಿದಿ?" ಎಂದು ಕೂಗಿದಳು.

"ಸೊನ್ನಿ, ಅಕ್ಕಾ!"

ನನ್ನ ಜೀವಮಾನದಲ್ಲಿ ಬಂದ ಅಂಕಗಳ ಪೈಕಿ ತಕರಾರು ಮಾಡದೆ ಒಪ್ಪಿಕೊಂಡದ್ದು ಅದೊಂದನ್ನೇ.