ಧ್ವನಿ ಬಂದ್ ಮಾಡಿ ವಾರ್ತೆ ನೋಡುವ ಅತ್ಯಾ

ನಮ್ಮ ಅತ್ಯಾ ನೋಡಿದಷ್ಟು ವಾರ್ತೆಗಳನ್ನು ಈ ಲಂಡನ್ ಊರಿನಲ್ಲಿ ಇನ್ನೊಬ್ಬರು ನೋಡಿರಲಿಕ್ಕಿಲ್ಲ. ಆದರೆ ಯಾರು ಏನು ಹೇಳಿದರು ಎಂದು ಕೇಳಿ ನೋಡಿ, ಒಂದಕ್ಷರವೂ ಅವರಿಗೆ ಗೊತ್ತಿರುವುದಿಲ್ಲ! ಕಿವಿ ಮಂದವೇ? ಛೆ, ಪಕ್ಕದ ಫ್ಲ್ಯಾಟಿನಲ್ಲಿ ಒಗ್ಗರಣೆ ಸಿಡಿದರೆ ಸಾಸಿವೆಯೋ ಜೀರಿಗೆಯೋ ಎಂದು ಹೇಳುವಂಥ ಕಿವಿ. ಟಿ.ವಿ. ಹಚ್ಚಿದೊಡನೆ ಅದರ ಧ್ವನಿಯನ್ನು ಪೂರ್ತಿ ಬಂದ್ ಮಾಡುವುದು ಅವರ ಪದ್ಧತಿ.

ಅತ್ಯಾ ಎಂದರೆ ನಮ್ಮಪ್ಪನ ಅಕ್ಕ. ಧಾರವಾಡದ ನಮ್ಮ ಮನೆಯಲ್ಲಿ ಸೋದರತ್ತೆಯನ್ನು ಕರೆಯುವುದೇ ಹಾಗೆ. ಲಂಡನ್ನಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಜೀವಮಾನವಿಡೀ ಅರಿವಳಿಕೆ ಕೊಡುವ ಡಾಕ್ಟರಾಗಿದ್ದವರು. ಈಗ ಕೊಲಿಂಡೇಲ್‌ನಲ್ಲಿ ನಮ್ಮದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದಾರೆ. ಬಾಯಿ ಬಿಡಲಾರದೆ ಮಲಗಿದವರ ಮುಖ ನೋಡಿಯೇ ಒಳಗೇನು ನಡೆದಿದೆ ಎಂದು ತಿಳಿಯುವುದು ಅವರ ಕಸುಬಾಗಿತ್ತಲ್ಲ! ಹಾಗಾಗಿ ಟಿ.ವಿ.ಯಲ್ಲಿ ಬರುವವರನ್ನೆಲ್ಲ ಅವರು ಆಪರೇಶನ್ ಟೇಬಲ್ಲಿನ ಮೇಲೆ ಇದ್ದವರಂತೆಯೇ ನೋಡುತ್ತಾರೆ. "ಮಾತು ಕೇಳ್ಕೋತ ಕೂತ್ರ ರೋಗ ಮುಚ್ಚಿಹೋಗ್ತದ" ಎನ್ನುವುದು ಅವರ ವಾದ. ಹವಾಮಾನ ಹೇಳುವ ಹುಡುಗಿಗೆ ರಕ್ತ ಕಡಿಮೆ, ಷೇರುಪೇಟೆಯ ವರದಿಗಾರನಿಗೆ ಪಿತ್ತಕೋಶದ ಕಲ್ಲು! ಮೈಸೂರಿನವರಾದ ನನ್ನ ಗಂಡ ಮೇಲಿನ ಮಹಡಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. "ನಿಮ್ಮತ್ತೆ ಟಿ.ವಿ. ಬಿಟ್ಟು ನನ್ನ ಮುಖ ನೋಡೋಕೆ ಶುರು ಮಾಡ್ತಾರೆ ಕಣೆ. ಸುಮ್ನೆ ಕಾಫಿ ಕುಡಿಯೋಕೂ ಭಯ ಆಗುತ್ತೆ" ಎನ್ನುತ್ತಾರೆ.

ಇದೆಲ್ಲ ಬರೀ ನಗುವ ವಿಷಯವಾಗಿರುತ್ತಿತ್ತು, ಅವರ ಕುತ್ತಿಗೆಯ ಎಡಬದಿಯಲ್ಲಿ ಆ ಗಂಟು ಕಾಣಿಸಿಕೊಳ್ಳದಿದ್ದರೆ. ಜಿ.ಪಿ., ಅಂದರೆ ಇಲ್ಲಿನ ಬಡಾವಣೆಯ ಡಾಕ್ಟರು, ಮುಟ್ಟಿ ನೋಡಿ, ತಡಮಾಡದೆ ಸ್ಕ್ಯಾನ್ ಮಾಡಿಸಿ, ಅರಿವಳಿಕೆ ಕೊಟ್ಟು ಗಂಟಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. ಆಸ್ಪತ್ರೆಯಿಂದ ದಿನ ಗೊತ್ತಾಗಿ ಬಂತು. ಅತ್ಯಾ ಮುಂದಕ್ಕೆ ಹಾಕಿದರು. ಮತ್ತೊಂದು ದಿನ ಬಂತು, ಅದನ್ನೂ ಮುಂದಕ್ಕೆ ಹಾಕಿದರು. ನನಗೆ ಊಟ ಸೇರುತ್ತಿಲ್ಲ, ಟ್ಯೂಬ್ ರೈಲಿನಲ್ಲಿ ಕೂತರೂ ಕಣ್ಣ ಮುಂದೆ ಆ ಗಂಟೇ. ಅವರಿಗೋ ಅದರ ಪರಿವೆಯೇ ಇಲ್ಲ, ಏಕೆಂದರೆ ಅವರು ಇನ್ನೊಬ್ಬ ರೋಗಿಯ ಚಿಂತೆಯಲ್ಲಿ ಮುಳುಗಿದ್ದರು!

ಆ ರೋಗಿ ಒಬ್ಬ ರಾಜಕಾರಣಿ. ಸರ್ಕಾರ ಯಾರ ಮನೆಯ ಹೊಸ್ತಿಲನ್ನೂ ದಾಟಕೂಡದು, ತೆರಿಗೆ ಇಳಿಯಬೇಕು, ಕಾಯಿದೆಗಳು ತೊಲಗಬೇಕು, ಹೆಲ್ಮೆಟ್ ಹಾಕುವುದು ಬಿಡುವುದು ಅವರವರ ತಲೆಗೆ ಬಿಟ್ಟದ್ದು ಎನ್ನುವವನು. ಅವನೆಂದರೆ ವಾರ್ತಾ ಚಾನೆಲ್ಲುಗಳಿಗೆ ಹಬ್ಬ. ಒಂದರಲ್ಲಿ ಕೂತ ವಿಶ್ಲೇಷಕರು ಅವನನ್ನು ಬಡವರ ಆಸ್ಪತ್ರೆಗೆ ಬೀಗ ಜಡಿಯಲು ಬಂದ ಕಲ್ಲೆದೆಯವನು ಎನ್ನುತ್ತಾರೆ. ಇನ್ನೊಂದರಲ್ಲಿ ಕೂತವರು ಈ ದೇಶದಲ್ಲಿ ಉಳಿದಿರುವ ಕಟ್ಟಕಡೆಯ ಸ್ವತಂತ್ರ ಮನುಷ್ಯ ಎನ್ನುತ್ತಾರೆ. ಒಮ್ಮೆ ಭಾಷಣದ ನಡುವೆ ಅವನು ತನ್ನದೇ ಫ್ಲಾಸ್ಕಿನಿಂದ ನೀರು ಕುಡಿದ. ಸರ್ಕಾರಿ ನಲ್ಲಿಯ ನೀರನ್ನೂ ನಂಬದ ಹುಚ್ಚು ಎಂದಿತು ಒಂದು ಚಾನೆಲ್. ಯಾರ ಹಂಗಿಗೂ ಬೀಳದ ಸ್ವಾವಲಂಬನೆ ಎಂದಿತು ಇನ್ನೊಂದು. ಫ್ಲಾಸ್ಕಿನ ಮೇಲೆ ಅರ್ಧ ಗಂಟೆ ಚರ್ಚೆ!

"ಬಾಯಿ ಒಣಗ್ಲಿಕ್ಹತ್ತೇದ, ಪಾಪ" ಎಂದರು ಅತ್ಯಾ. "ಅಂಗಿ ಕಾಲರ್ ನೋಡು, ಎಷ್ಟು ಸಡ್ಲ ಆಗೇದ. ನಿದ್ದಿ ಇಲ್ಲ ಇವಗ."

"ಅತ್ಯಾ, ನೀವು ಕೆಲಸ ಮಾಡಿದ ಆಸ್ಪತ್ರೀನ ಮುಚ್ಚಬೇಕಂತಾನ್ರಿ ಇವಾ!"

"ಅನ್ಲಿ. ಮುಚ್ಚಾಕ ಬಂದ್ರ ಬಾಗಲದಾಗ ಅಡ್ಡ ನಿಂದರ್ತೀನಿ. ಹಂಗಂತ ಅವನ ಜಡ್ಡು ಜಡ್ಡಲ್ಲೇನು?"

ಇಂಥವರ ಹತ್ತಿರ ಏನು ವಾದ ಮಾಡುತ್ತೀರಿ? ನಾನು ಮಾತನ್ನು ಅವರ ಗಂಟಿನ ಕಡೆ ತಿರುಗಿಸಿದರೆ "ಮದ್ಲ ಇವಂದೇನಾಗ್ತದೋ ನೋಡೂಣು" ಎಂದು ರಿಮೋಟ್ ಕೈಗೆತ್ತಿಕೊಳ್ಳುತ್ತಿದ್ದರು. ಲೀಡ್ಸ್‌ನಲ್ಲಿರುವ ಅವರ ಮಗನಿಗೆ ಫೋನ್ ಮಾಡಿ ಗೋಳಾಡಿದೆ. ಅವನು ಇಲ್ಲಿಯೇ ಹುಟ್ಟಿದವನು. "ಮಮ್ ಈಸ್ ಜಸ್ಟ್ ಬೀಯಿಂಗ್ ಸ್ಟಬರ್ನ್" ಎಂದ. ಡಾಕ್ಟರುಗಳೆಲ್ಲ ತಮ್ಮ ವಿಷಯದಲ್ಲಿ ಹೀಗೇ ಎಂದರು ನನ್ನ ಗಂಡ. ಹಟವೂ ಅಲ್ಲ, ಏನೂ ಅಲ್ಲ, ಶುದ್ಧ ಅಹಂಕಾರ ಎಂದು ತೀರ್ಪು ಕೊಟ್ಟವಳು ನಾನು. ರಾತ್ರಿ ಊಟಕ್ಕೆ ಕೂತಾಗಲೆಲ್ಲ ನಮ್ಮ ಮನೆಯಲ್ಲಿ ಇದೇ ಚರ್ಚೆ ನಡೆಯುತ್ತಿತ್ತು.

ಕಳೆದ ವಾರ ನನಗೊಂದು ದಿನ ರಜೆ ಇತ್ತು. ಮನಸ್ಸಾದರೂ ಹಗುರವಾಗಲಿ ಎಂದು ಬೆಳಿಗ್ಗೆಯೇ ಅತ್ಯಾನನ್ನು ನಮ್ಮ ಕಡೆಯ ತರಕಾರಿಯೆಲ್ಲ ಸಿಗುವ ಸೌತ್‌ಹಾಲಿಗೆ ಕರೆದುಕೊಂಡು ಹೋದೆ. ಮೆಂತ್ಯ ಸೊಪ್ಪಿನ ಅಂಗಡಿಯ ಮುಂದೆ ಜನವೋ ಜನ, ಕ್ಯಾಮೆರಾಗಳು, ಮೈಕುಗಳು. ಮತ ಕೇಳಲು ಬಂದವನು ಸಾಕ್ಷಾತ್ ಅವನೇ! ನಾನು ಹಾಗಲಕಾಯಿಯ ಚೀಲ ಸರಿಮಾಡಿಕೊಳ್ಳುವಷ್ಟರಲ್ಲಿ ಅತ್ಯಾ ಪಕ್ಕದಲ್ಲಿಲ್ಲ. ನೋಡಿದರೆ ಆ ಗದ್ದಲದೊಳಗೆ ನುಗ್ಗಿ, ಅವನು ಕೈಕುಲುಕಲು ಚಾಚಿದ ಕೈಯನ್ನು ಕುಲುಕದೆ, ತಿರುಗಿಸಿ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದಾರೆ! ಬಿಡಿಸಲು ಬಂದ ಅಂಗರಕ್ಷಕನನ್ನು ಒಂದೇ ನೋಟದಲ್ಲಿ ದೂರ ನಿಲ್ಲಿಸಿದರು. ರಾಜಕಾರಣಿಯ ಕಿವಿಯ ಹತ್ತಿರ ಬಾಗಿ ಏನೋ ಕೇಳಿದರು, ಅವನು ಏನೋ ಹೇಳಿದ. ಅಷ್ಟರಲ್ಲಿ ಜನ ಅವನನ್ನು ಮುಂದಕ್ಕೆ ಒಯ್ದರು.

ಮಧ್ಯಾಹ್ನ ಮನೆಗೆ ಬಂದು ಟಿ.ವಿ. ಹಚ್ಚಿದರೆ ಅತ್ಯಾ ಅಲ್ಲಿದ್ದಾರೆ! ಅಂದು ಮಾತ್ರ ನಾನು ಹಟ ಮಾಡಿ ಧ್ವನಿ ಹಾಕಿಸಿದೆ. ಒಂದು ಚಾನೆಲ್ಲಿನ ವಿಶ್ಲೇಷಕಿ, ಸಿಟ್ಟಿಗೆದ್ದ ವೃದ್ಧೆಯೊಬ್ಬಳು ಅವನ ಕೈ ಹಿಡಿದು ನಿಲ್ಲಿಸಿ ಛೀಮಾರಿ ಹಾಕಿದಳೆಂದೂ ಜನರ ಸಹನೆಯ ಕಟ್ಟೆ ಒಡೆದಿದೆಯೆಂದೂ ಹೇಳಿದಳು. ಇನ್ನೊಂದು ಚಾನೆಲ್ಲಿನ ಟೈ ಕಟ್ಟಿದವನು ಅದೇ ದೃಶ್ಯ ತೋರಿಸಿ, ಏಷ್ಯಾದ ಹಿರಿಯಜ್ಜಿ ಕೈ ಹಿಡಿದು ಹರಸಿದಳು, ವಲಸಿಗರೂ ಇವನ ಕಡೆ ವಾಲುತ್ತಿದ್ದಾರೆ ಎಂದ. ನನಗೆ ನಗು ತಡೆಯಲಾಗಲಿಲ್ಲ.

"ಬೈಲೂ ಇಲ್ಲ, ಹರಸ್ಲೂ ಇಲ್ಲ" ಎಂದರು ಅತ್ಯಾ ಬೇಸರದಿಂದ. "ನಾಡಿ ನೋಡಿದೆ. ಓಡ್ಲಿಕ್ಹತ್ತಿತ್ತು."

"ಕಿವ್ಯಾಗ ಏನು ಕೇಳಿದ್ರಿ?"

"ಹೆದರಿಕಿ ಆಗೇದೇನಪಾ ಅಂತ ಕೇಳಿದೆ. ಸೂಜಿ ಚುಚ್ಚೂ ಮುಂಚೆ ಎಲ್ಲಾರಿಗೂ ಅದನ್ನ ಕೇಳ್ತಿದ್ದೆ. ಹೆದರಿದವ್ರನ್ನ ಹಂಗ ಮಲಗಿಸಬಾರ್ದು."

"ಏನಂದ?"

"ಹೂಂ ಅಂದ." ಅತ್ಯಾ ಧ್ವನಿ ಬಂದ್ ಮಾಡಿದರು. "ಇಷ್ಟು ಮಂದಿ ಕೂತು ಮುಂಜಾನಿಂದ ಸಂಜೀ ತನಕ ಅವನ ಬಗ್ಗೆ ಮಾತಾಡ್ತಾರ. ಒಬ್ಬರರ ಅದನ್ನ ಕೇಳ್ಯಾರೇನು?"

ನನ್ನ ನಗು ಅಲ್ಲಿಯೇ ನಿಂತಿತು. ಹಟ, ಡಾಕ್ಟರರ ಸ್ವಭಾವ, ಅಹಂಕಾರ ಎಂದು ದಿನವೂ ಊಟದ ಮೇಜಿಗೆ ಕೂತು ಮಾತಾಡಿದವರು ನಾವೇ ಅಲ್ಲವೇ? ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

"ಅತ್ಯಾ, ನಿಮಗ ಹೆದರಿಕಿ ಆಗೇದೇನ್ರಿ?"

ಅವರು ರಿಮೋಟ್ ಕೆಳಗಿಟ್ಟರು. ನನ್ನ ಕಡೆ ತಿರುಗಿದಾಗ ಕಣ್ಣು ತುಂಬಿತ್ತು. "ಭಾಳ ಹೆದರಿಕಿ ಆಗೇದ ಅವ್ವಿ" ಎಂದರು. "ಅಷ್ಟು ಮಂದೀನ ಮಲಗಿಸೀನಿ. ಆ ಟೇಬಲ್ ಮ್ಯಾಲೆ ನಾ ಹ್ಯಾಂಗ ಮಲಗ್ಲಿ?"

ಪಕ್ಕದಲ್ಲಿ ಕೂತು ಅವರನ್ನು ತಬ್ಬಿಕೊಂಡೆ. ಎಷ್ಟು ಸಣ್ಣಗಾಗಿದ್ದಾರೆ ಎಂದು ಆಗಲೇ ನನಗೆ ಗೊತ್ತಾದದ್ದು.

"ನಾ ಬರ್ತೀನ್ರಿ ನಿಮ್ಮ ಕೂಡ."

"ಒಳಗ ಬಿಡೂದಿಲ್ಲ ನಿನ್ನ."

"ಬಾಗಲದ ತನಕರ ಬರ್ತೀನಿ. ಅಲ್ಲೇ ಕೂತಿರ್ತೀನಿ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಆಸ್ಪತ್ರೆಯ ನಂಬರ್ ಹುಡುಕಿ, ಫೋನನ್ನು ನನ್ನ ಕೈಗಿಟ್ಟರು.

"ನೀನ ಮಾತಾಡು" ಎಂದರು. "ನನಗ ದನೀನ ಹೊರಡವಲ್ದು."