ಗಮನ–ನಿರ್ಗಮನ

ಎಲ್ಲಕ್ಕೂ ಕಾರಣ ಒಂದೇ ಒಂದು 'ನ'. ದಂತವೈದ್ಯರ ಬಾಗಿಲಿಗೆ 'ಹಲ್ಲಿನ ಆಸ್ಪತ್ರೆ' ಎಂದು ಬರೆಯುವಾಗ ನಮ್ಮ ಪೇಂಟರ್ ಮನಸ್ಸನ್ನು ಎಲ್ಲೋ ಮೇಯಲು ಬಿಟ್ಟು ಆ 'ನ' ನುಂಗಿಹಾಕಿದ್ದ. ಬೀದಿಗೆಲ್ಲ ಅದು ಹಲ್ಲಿ ಆಸ್ಪತ್ರೆಯಾಯಿತು. ಎದುರುಮನೆ ಮೇಷ್ಟರು ತಮ್ಮ ಗೋಡೆ ತೋರಿಸಿ, "ಇಲ್ಲಿ ಮೂರು ಪೇಷಂಟ್ ಇದಾವೆ ನೋಡಯ್ಯ" ಎಂದರು.

ಈ ದಿನ ಮಿದುಳು ಸಂಶೋಧನಾ ಕೇಂದ್ರದಲ್ಲಿ ಕೆಲಸ. ಹೊರಡುವಾಗಲೇ ಹೆಂಡತಿ ಅಡ್ಡ ನಿಂತಳು.

"ನೋಡ್ರೀ, ಇದೂ ಕೆಟ್ಟರೆ ನಾಳೆಯಿಂದ ನನ್ನ ತಮ್ಮನ ಅಂಗಡೀಲಿ ಪಂಕ್ಚರ್ ಹಾಕೋಕೆ ಹೋಗಿ."

ಭಾವಮೈದುನನ ಕೈಕೆಳಗೆ! ಪೇಂಟರ್ ಬಣ್ಣದ ಡಬ್ಬ ಎತ್ತಿಕೊಂಡು ಓಟ ಕಿತ್ತ.

ಕೇಂದ್ರದ ಡಾಕ್ಟರಮ್ಮ ಹಲ್ಲಿ ಆಸ್ಪತ್ರೆಯ ಕಥೆ ಕೇಳಿ ನಕ್ಕರು. "ಕೈಗೆ ಪಳಗಿದ ಕೆಲಸ ಸಿಕ್ಕರೆ ಮಿದುಳು ತಾನೇ ತಿರುಗಾಟಕ್ಕೆ ಹೊರಡತ್ತೆ. ಅದು ಎಲ್ಲರಿಗೂ ಆಗತ್ತೆ, ನಿಮ್ಮ ತಪ್ಪಲ್ಲ."

ಇದನ್ನು ಹೆಂಡತಿಗೆ ಹೇಗೆ ಹೇಳಿ ಬಾಯಿ ಮುಚ್ಚಿಸಲಿ ಎಂದು ಯೋಚಿಸುತ್ತಲೇ ಅವನು ಎರಡು ಬಾಗಿಲು ಬರೆದು ಮುಗಿಸಿದ. ಪರೀಕ್ಷೆಯ ಕೋಣೆಗೆ 'ನಿರ್ಗಮನ', ಹಿತ್ತಲ ಬಾಗಿಲಿಗೆ 'ಗಮನ ಪರೀಕ್ಷೆ'.

ಹನ್ನೊಂದಕ್ಕೆ ವಾಚ್‌ಮನ್ ಓಡಿಬಂದ. "ಮೇಡಂ, ಪರೀಕ್ಷೆಗೆ ಬಂದೋರೆಲ್ಲ ಹಿತ್ತಲಲ್ಲಿ ನೀರಿನ ಟ್ಯಾಂಕ್ ಮುಂದೆ ಕ್ಯೂ ನಿಂತಿದ್ದಾರೆ! ಯಾಕೆ ಅಂತ ಒಬ್ರೂ ಕೇಳ್ತಿಲ್ಲ."

ಪೇಂಟರ್ ಬ್ರಶ್ಶು ಕಟ್ಟತೊಡಗಿದ. ಡಾಕ್ಟರಮ್ಮ ಮಾತ್ರ ಕುಣಿದಾಡುವುದೊಂದು ಬಾಕಿ.

"ಅಷ್ಟು ಜನರ ಮನಸ್ಸೂ ಬೇರೆಲ್ಲೋ ಇತ್ತು! ಎಂಥಾ ಪ್ರಯೋಗ ಮಾಡಿಬಿಟ್ರಿ! ಸಂಜೆಯೊಳಗೆ ಇನ್ನೂ ಹತ್ತು ಬೋರ್ಡ್ ಬೇಕು, ಇದೇ ಥರ ತಪ್ಪಿರಬೇಕು. ಬೇಕಂತ ಮಾಡಬೇಡಿ, ಅದು ಗೊತ್ತಾಗಿಬಿಡತ್ತೆ. ತಾನಾಗಿ ಬರಬೇಕು. ಬಂದರೆ ಇಲ್ಲಿನ ಬೋರ್ಡ್ ಕೆಲಸವೆಲ್ಲ ನಿಮ್ಮದೇ."

ಪೇಂಟರ್ ಹಿಗ್ಗಿಹೋದ. ಬ್ರಶ್ಶು ಹಿಡಿದು ಮನಸ್ಸಿಗೆ "ಹೋಗು" ಎಂದ. ಅದು ಹೋಗಲಿಲ್ಲ. ಹೊರಟಿತೋ ಇಲ್ಲವೋ ಎಂದು ಗಳಿಗೆಗೊಮ್ಮೆ ನೋಡುವವನ ಮನಸ್ಸು ಹೊರಡುವುದಾದರೂ ಹೇಗೆ? ಕೆಲಸ ಕೈತಪ್ಪುವ ಭಯಕ್ಕೆ ಕಣ್ಣು ಅಕ್ಷರ ಬಿಟ್ಟು ಅಲ್ಲಾಡಲಿಲ್ಲ. ವಾಚ್‌ಮನ್ ಬೇರೆ ಪಕ್ಕದಲ್ಲೇ ಕೂತು, "ಊರಿಗೆ ಹೋದ ಹಾಗೆ ಅಂದ್ಕೊಳ್ಳಿ ಸಾರ್" ಎಂದು ಪ್ರಾಣ ತಿಂದ.

ಸಂಜೆ ಡಾಕ್ಟರಮ್ಮ ಹತ್ತೂ ಬೋರ್ಡ್ ನೋಡಿದರು. ಒಂದು ಒತ್ತು ಜಾರಿರಲಿಲ್ಲ, ಒಂದು ದೀರ್ಘ ಬಿಟ್ಟಿರಲಿಲ್ಲ.

"ಒಂದು ತಪ್ಪನ್ನ ನೆಟ್ಟಗೆ ಮಾಡೋಕೆ ಬರಲ್ವೇನ್ರೀ ನಿಮಗೆ?" ಎಂದು ರೇಗಿ, ಬೇರೆ ಪೇಂಟರ್‌ಗೆ ಹೇಳಿಕಳಿಸಿದರು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾದಿದ್ದಳು. "ಏನ್ರೀ, ಇವತ್ತಾದ್ರೂ ತಪ್ಪಿಲ್ಲದೆ ಬರೆದ್ರಾ?"

"ಬರೆದೆ ಕಣೇ. ಅದಕ್ಕೇ ಕೆಲಸ ಹೋಯ್ತು."

ಅವಳು ಗಂಡನ ಮುಖವನ್ನೊಮ್ಮೆ ನೋಡಿ, ತಮ್ಮನಿಗೆ ಫೋನ್ ಮಾಡಿದಳು.