ನಮ್ಮಕ್ಕ ಸತ್ತಾಗಲೆಲ್ಲ

ನಮ್ಮಕ್ಕನಷ್ಟು ಚೆನ್ನಾಗಿ ಸಾಯುವವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕಿನಲ್ಲಿ ಯಾರೂ ಇರಲಿಲ್ಲ. ಹೊಟ್ಟೆಕಿಚ್ಚಿನಿಂದ ಹೀಗೆ ಹೇಳುತ್ತಿದ್ದಾಳೆ ಎಂದು ನಿಮಗೆ ಅನಿಸಬಹುದು. ಅನಿಸಲಿ, ಅದು ನಿಜವೇ! ವಿಷ ಕುಡಿದು ಸಾಯುವುದು, ಗಂಡನ ತೊಡೆಯ ಮೇಲೆ ಸಾಯುವುದು, ಸವತಿಯ ಹಣೆಗೆ ಕುಂಕುಮ ಹಚ್ಚಿ ಸಾಯುವುದು, ಯಾವುದೇ ಇರಲಿ, ಆಕೆ ರಂಗದ ಮೇಲೆ ಕಣ್ಣು ಮುಚ್ಚಿದಳೆಂದರೆ ಮುಂದೆ ಕೂತ ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಇನ್ನು ಸತ್ತ ಮೇಲೆ ಎದ್ದು, ಮತ್ತೆ ಸಾಯುವುದರಲ್ಲಂತೂ ಆಕೆಯನ್ನು ಮೀರಿಸುವವರೇ ಇರಲಿಲ್ಲ.

ಸತ್ತವಳು ಏಕೆ ಏಳಬೇಕು ಅಂತೀರಾ? ಆಹೇರಿಗೆ! ನಮ್ಮ ಕಡೆ ಊರವರೇ ಕೂಡಿ ನಾಟಕ ಆಡುತ್ತಾರೆ. ಗಂಡು ಪಾತ್ರಗಳೆಲ್ಲ ಊರ ಗಂಡಸರವು. ನಾಯಕಿಯನ್ನು ಮಾತ್ರ ಹೊರಗಿನಿಂದ ಕರೆಸಬೇಕು. ಅಕ್ಕ ನಾಟಕದ ದಿನ ಮಧ್ಯಾಹ್ನದ ಬಸ್ಸಿಗೆ ಇಳಿದು, "ಇವತ್ತ ನನ್ನ ಗಂಡ ಯಾರ್ರಿ? ಮಾವ ಯಾರ್ರಿ?" ಎಂದು ಗುರುತು ಮಾಡಿಕೊಂಡು, ಚಹಾ ಕುಡಿದು, ಬಣ್ಣ ಹಚ್ಚಿಕೊಂಡು ನಿಂತುಬಿಡುತ್ತಿದ್ದಳು. ಯಾವ ನಾಟಕವಾದರೂ ಮಾತೆಲ್ಲ ಬಾಯಲ್ಲೇ ಇರುತ್ತಿತ್ತು. ನೋಡುವವರಿಗೆ ಪಾತ್ರ ಮೆಚ್ಚುಗೆಯಾದರೆ ಸೀರೆಯೋ ಕುಪ್ಪಸದ ಬಟ್ಟೆಯೋ ತಂದು ರಂಗದ ಮೇಲೇ ಕೊಟ್ಟು ಮರ್ಯಾದೆ ಮಾಡುತ್ತಾರೆ. ಅದೇ ಆಹೇರು. ನಾಟಕ ಮುಗಿಯಲಿ ಎಂದು ಕಾಯುವಷ್ಟು ತಾಳ್ಮೆ ನಮ್ಮ ಮಂದಿಗೆಲ್ಲಿದೆ?

ಯಂಕಂಚಿಯ ನಾಟಕವೊಂದರಲ್ಲಿ ನಾನು ಕಣ್ಣಾರೆ ಕಂಡದ್ದು ಕೇಳಿ. ಅಕ್ಕ ಗಂಡನ ತೊಡೆಯ ಮೇಲೆ ಸತ್ತು ಬಿದ್ದಿದ್ದಾಳೆ. ಎಲ್ಲರೂ ಬಿಕ್ಕುತ್ತಿದ್ದಾರೆ. ಅಷ್ಟರಲ್ಲಿ ಮೈಕಿನಲ್ಲಿ ಕೂಗು: "ಮುಳವಾಡದಿಂದ ಬಂದಂಥಾ ಬೀಗರ ಕಡಿಂದ ನಾಯಕಿಯವರಿಗೆ ಒಂದು ಸೀರಿ ಆಹೇರ!" ಹೆಣ ಎದ್ದಿತು. ಸೆರಗು ಸರಿಮಾಡಿಕೊಂಡಿತು, ಸೀರೆಯನ್ನು ಕಣ್ಣಿಗೊತ್ತಿಕೊಂಡಿತು, ನಾಲ್ಕೂ ದಿಕ್ಕಿಗೆ ಕೈ ಮುಗಿಯಿತು. ಆಮೇಲೆ ಸೀರೆಯನ್ನೇ ತಲೆದಿಂಬು ಮಾಡಿಕೊಂಡು ಮಲಗಿ, ಮೆಲ್ಲಗೆ ಗಂಡನನ್ನು ಕೇಳಿತು.

"ಎಲ್ಲಿ ಬಿಟ್ಟಿದ್ವಿ?"

"ನೀವು ಸತ್ತಿದ್ರಿ ಅಕ್ಕಾರ" ಎಂದ ಗಂಡ, ವಿನಯದಿಂದ.

"ಹಂಗಾರ ಅಳೋ! ಸುಮ್ನ ಯಾಕ ಕುಂತಿ?" ಎಂದವಳೇ ಪಟ್ಟನೆ ಸತ್ತಳು. ಮಂದಿ ಮೊದಲಿಗಿಂತ ಜೋರಾಗಿ ಅತ್ತರು. ನಾನೊಬ್ಬಳೇ ಅಳಲಿಲ್ಲ, ಆ ಸೀರೆಯ ಬಣ್ಣ ಯಾವುದೆಂದು ಕತ್ತು ಚಾಚಿ ನೋಡುತ್ತಿದ್ದೆ.

ಆಕೆ ನನ್ನ ದೊಡ್ಡವ್ವನ ಮಗಳು. ಇಬ್ಬರೂ ಇಂಗಳೇಶ್ವರದ ಅಜ್ಜನ ಮನೆಯಲ್ಲಿ ಒಂದೇ ಗಂಗಾಳದಲ್ಲಿ ಉಂಡು ಬೆಳೆದವರು. ಶಾಲೆಯಲ್ಲಿ ನಾಟಕ ಮಾಡಿಸಿದಾಗ ಕಡೆಗೆ ಸಾಯುವ ರಾಣಿಯ ಪಾತ್ರ ನನಗೇ ಸಿಗಬೇಕಿತ್ತು. ಧ್ವನಿ ನನ್ನದೇ ದೊಡ್ಡದಿತ್ತು, ಬೇಕಾದರೆ ನಮ್ಮ ಮನೆಯವರನ್ನು ಕೇಳಿ! ಆದರೆ ಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀ ಗಟ್ಟಿಮುಟ್ಟ ಅದಿ, ಪರದಿ ಎಳಿ" ಅಂದರು. ಆಕೆಯ ತಲೆಗೆ ಬೇಗಡೆ ಕಾಗದದ ಕಿರೀಟ, ನನ್ನ ಕೈಗೆ ಪರದೆಯ ಹಗ್ಗ. ಆವತ್ತು ಹೊತ್ತಿದ ಕಿಚ್ಚು ಮುಂದೆ ಆರಲೇ ಇಲ್ಲ.

ಆರಲು ಬಿಡಬೇಕಲ್ಲ! ನನ್ನನ್ನು ಕೊಟ್ಟದ್ದು ಸಿಂದಗಿಯ ಸೀರೆ ಅಂಗಡಿಯವರಿಗೆ. ಸುತ್ತಲಿನ ಊರವರು ಆಹೇರಿನ ಸೀರೆ ಕೊಳ್ಳುತ್ತಿದ್ದದ್ದು ನಮ್ಮ ಅಂಗಡಿಯಲ್ಲೇ. ನಾಟಕವಾದ ಮರುದಿನ ಅಕ್ಕ ಅದೇ ಸೀರೆ ಹಿಡಿದು ಬರುತ್ತಿದ್ದಳು. "ಸಾವಕಾರ್ರ, ಈ ಬಣ್ಣ ಲೈಟಿನ್ಯಾಗ ಏಳೂದಿಲ್ಲರಿ. ಬದಲಿ ಕೊಡ್ರಿ." ನಮ್ಮ ಮನೆಯವರು ಹಲ್ಲು ಕಿರಿದು ಬದಲಿ ಕೊಡುತ್ತಿದ್ದರು. ಅದರಲ್ಲಿ ಕೆಂಪು ಸೆರಗಿನ ಗಿಳಿಹಸಿರು ಇಳಕಲ್ ಸೀರೆಯೊಂದಿತ್ತು. ಇಂಡಿಗೆ ಹೋಗಿ ಬಂತು, ಬಾಗೇವಾಡಿಗೆ ಹೋಗಿ ಬಂತು, ಹೋದದ್ದೆಲ್ಲ ತಿರುಗಿ ನಮ್ಮ ಕಪಾಟಿಗೇ ಬಂತು. ನನಗೆ ಅದರ ಮೇಲೆ ಜೀವ. ಒಂದು ದಿನ ಬಾಯಿಬಿಟ್ಟು ಕೇಳಿಯೇಬಿಟ್ಟೆ.

"ಅದು ಓಡ್ಯಾಡೂ ಮಾಲು. ಮನ್ಯಾಗ ಇಟ್ಟರ ಹೆಂಗ?" ಎಂದರು ನಮ್ಮ ಮನೆಯವರು.

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗೆ. ಸೀರೆಯೇ ನಾಲ್ಕು ತಾಲೂಕು ತಿರುಗಿತು, ನಾನು ಅಡುಗೆಮನೆ ದಾಟಲಿಲ್ಲ.

ಮುಂದೆ ಮನೆಮನೆಗೂ ಟೀವಿ ಬಂತು. ನಾಟಕಗಳು ಕಡಿಮೆಯಾದವು. ಒಂದು ಊರವರು ಅಕ್ಕನನ್ನು ಕರೆಸಿ ಅತ್ತೆಯ ಪಾತ್ರ ಕೊಟ್ಟು, ನಾಯಕಿಗೆ ಬೇರೆ ಹುಡುಗಿಯನ್ನು ತಂದಿದ್ದರಂತೆ. ಬಣ್ಣ ಹಚ್ಚದೆಯೇ ಅಲ್ಲಿಂದ ನೇರ ನಮ್ಮ ಮನೆಗೆ ಬಂದಳು. ರೊಟ್ಟಿ, ಶೇಂಗಾ ಹಿಂಡಿ ಹಾಕಿಕೊಟ್ಟೆ. ಒಳಗೊಳಗೆ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ! ಆಕೆ ಕೈ ತೊಳೆದುಕೊಂಡು ಘೋಷಿಸಿದಳು: "ನಾ ಸಾಯೂದು ಸಾಕವಾ ತಂಗಿ. ಇನ್ನ ಬ್ಯಾರೆದವ್ರನ್ನ ಸಾಯಿಸ್ತೇನಿ. ಸಿನಿಮಾ ತೆಗೀತೇನಿ!"

ಖುಷಿ ಅಲ್ಲಿಗೇ ಮುಗಿಯಿತು. ನಟಿಯಾದದ್ದು ಸಾಲದೆಂದು ಈಗ ನಿರ್ದೇಶಕಿ!

ಕ್ಯಾಮೆರಾಕ್ಕೆ ಸಿಕ್ಕವನು ಬಾಗೇವಾಡಿಯ ರಾಜೇಸಾಬ. ಅವನಿಗೆ ಗೊತ್ತಿದ್ದದ್ದು ಮದುವೆಯ ವಿಡಿಯೋ ಒಂದೇ. ನಾಯಕ ನಾಯಕಿ ಜಗಳಕ್ಕೆ ನಿಂತರೆ ಅವನ ಕ್ಯಾಮೆರಾ ಅವರನ್ನು ಬಿಟ್ಟು, ಅಲ್ಲಿ ನೆರೆದವರ ಮುಖಗಳನ್ನೆಲ್ಲ ಒಂದು ಸುತ್ತು ನೋಡಿಕೊಂಡು ಬರುತ್ತಿತ್ತು. "ಯಾರದರ ಮುಖಾ ಬಿಟ್ರ ಆಮ್ಯಾಲ ಬೈತಾರ್ರಿ ಅಕ್ಕಾರ" ಎಂಬುದು ಅವನ ಅನುಭವದ ಮಾತು. ಅಕ್ಕನೇನು ಕಡಿಮೆಯೇ? ಶಾಟ್ ನಿಲ್ಲಿಸಬೇಕಾದರೆ "ಪರದಿ!" ಎಂದು ಚೀರುತ್ತಿದ್ದಳು. ಯಾರೂ ಬೆನ್ನು ತೋರಿಸುವಂತಿರಲಿಲ್ಲ.

"ಕುಂತ ಮಂದಿಗೆ ಬೆನ್ನ ತೋರಸಬಾರದು!"

"ಮಂದಿ ಎಲ್ಲ್ಯದಾರ್ರಿ ಅಕ್ಕಾರ?"

"ಆ ಡಬ್ಬ್ಯಾಗ ಅದಾರ!" ಎಂದು ಕ್ಯಾಮೆರಾ ತೋರಿಸುತ್ತಿದ್ದಳು. ಹೀಗಾಗಿ ಆ ಸಿನಿಮಾದ ಗಂಡ ಹೆಂಡಿರು ಪರಸ್ಪರ ಮುಖ ನೋಡದೆ, ಫೋಟೋಕ್ಕೆ ನಿಂತವರ ಹಾಗೆ ನಿಂತು ಜಗಳಾಡಿದರು.

ಶೂಟಿಂಗ್ ನಮ್ಮ ಹಿತ್ತಲಲ್ಲೇ. ರೊಟ್ಟಿ ಬಡಿದದ್ದು ನಾನೇ. ಮೊದಲ ದಿನವೇ ಅಕ್ಕ, "ನಿನಗ ಒಂದು ಪಾರ್ಟ್ ಇಟ್ಟೇನಿ, ಕಡೀಗೆ ಐತಿ" ಅಂದಿದ್ದಳು. ಒಂದು ಸಲ, ಒಂದೇ ಒಂದು ಸಲ ನನ್ನನ್ನೂ ನಾಲ್ಕು ಮಂದಿ ನೋಡಲಿ ಎಂಬ ಆಸೆ ನನಗೆ. ದಿನಾ ಪೌಡರ್ ಹಚ್ಚಿಕೊಂಡು ಕಾದೆ. ನಮ್ಮ ಮನೆಯವರಿಗೆ ಸಾಹುಕಾರನ ಪಾತ್ರ ಸಿಕ್ಕಿತು, ಪಕ್ಕದ ಮನೆಯವಳಿಗೆ ಚಾಡಿ ಹೇಳುವ ಪಾತ್ರ ಸಿಕ್ಕಿತು. ಆಕೆಗೆ ಅಭಿನಯದ ಅಗತ್ಯವೇ ಬೀಳಲಿಲ್ಲ ಬಿಡಿ! ಕಡೆಗೆ ನಮ್ಮ ಎಮ್ಮೆಗೂ ಪಾತ್ರ ಸಿಕ್ಕಿತು, ಕೊರಳಿಗೆ ಹಾರ ಬೇರೆ! "ನೋಡ್ರಿ, ಎಮ್ಮಿ ಹೆಂಗ ಸಹಜ ಮಾಡತೈತಿ, ಕಲೀರಿ" ಎಂದು ಅಕ್ಕ ಎಲ್ಲರಿಗೂ ಹೇಳಿದಳು. ಆವತ್ತು ಎಮ್ಮೆಗೆ ಹಿಂಡಿ ಇಡುವಾಗ ನನ್ನ ಕೈ ಸ್ವಲ್ಪ ಬಿಗಿಯೇ ಆಯಿತು.

ನಾಯಕಿ ಇಂಡಿಯ ಹುಡುಗಿ, ಮಾತಾಡಿದರೆ ಮುತ್ತು, ಸಾಯಲು ಮಾತ್ರ ಬಾರದು. ಸತ್ತಾಗ ನಗುತ್ತಿದ್ದಳು. ಅಕ್ಕನಿಗೆ ತಡೆಯಲಾಗಲಿಲ್ಲ. "ಸರಿ, ನಾ ತೋರಸ್ತೇನಿ" ಎಂದು ನಮ್ಮ ಬೇವಿನ ಮರದ ಕೆಳಗೆ ಸತ್ತು ತೋರಿಸಿದಳು. ಅಬ್ಬಾ, ಏನು ಸಾವು ಅದು! ರಾಜೇಸಾಬ ಕಣ್ಣೊರೆಸಿಕೊಂಡ. ನಮ್ಮ ಮನೆಯವರು ಮೈಮರೆತು, ಶೂಟಿಂಗಿಗೆಂದು ತಂದಿದ್ದ ಗಂಟಿನಿಂದ ಒಂದು ಸೀರೆ ಎಳೆದು, ಹಳೇ ಚಾಳಿಯಂತೆ ಹೋಗಿ ಆಹೇರು ಮಾಡಿಯೇಬಿಟ್ಟರು. ಅಕ್ಕನೂ ಹಳೇ ಚಾಳಿಯಂತೆ ಎದ್ದು, ಕಣ್ಣಿಗೊತ್ತಿಕೊಂಡು ಕೈ ಮುಗಿದಳು. ಯಾವ ಸೀರೆ? ಕೇಳಬೇಕೇ, ಗಿಳಿಹಸಿರು!

ಮರುದಿನ ನಾನು ಒಲೆ ಹಚ್ಚಲಿಲ್ಲ. ಇಡೀ ಚಿತ್ರತಂಡ ಚುರುಮುರಿ ತಿಂದು ನಟಿಸಿತು. ಅಕ್ಕ ಮಾತ್ರ ಏನೂ ಆಗಿಲ್ಲವೆಂಬಂತೆ ಆ ಸೀರೆಯನ್ನು ಅಂಗಡಿಗೆ ತಂದು ಬದಲಿ ಒಯ್ದಳು.

ಕೊನೆಯ ದಿನ ನನ್ನನ್ನು ಕರೆದಳು. "ಬಾ, ನಿನ್ನ ಪಾರ್ಟ್." ಓಡಿದೆ. ಹಿತ್ತಲಲ್ಲಿ ಎರಡು ಕಂಬಕ್ಕೆ ಮಖಮಲ್ಲಿನ ಪರದೆ ಕಟ್ಟಿದ್ದಳು. ನನ್ನ ಕೈಗೆ ಹಗ್ಗ ಕೊಟ್ಟಳು!

"ಸಿನಿಮಾಕ್ಕ ಯಾರರ ಪರದಿ ಎಳೀತಾರೇನು?" ಎಂದು ಹಗ್ಗವನ್ನು ಅವಳತ್ತಲೇ ಚಾಚಿದೆ.

"ಪರದಿ ಬೀಳದ ಕತಿ ಹೆಂಗ ಮುಗೀತೈತಿ? ಊರೂರಾಗ ನೋಡೇನಿ. ಆಹೇರ ಮುಗೀತಂದ್ರ ಸಾಕು, ನಾ ಪೂರಾ ಸಾಯೂದರಾಗ ಪರದಿ ಬಿಡ್ತಿದ್ರು. ಸಾಲ್ಯಾಗ ನೀ ಒಬ್ಬಾಕಿನ ನಾ ಕಣ್ಣ ಮುಚ್ಚೂ ಮಟಾ ಕಾದಾಕಿ."

ಆ ಮಾತು ನನ್ನ ಕಿವಿಗೆ ಬಿದ್ದಿತು, ಒಳಗೆ ಇಳಿಯಲಿಲ್ಲ. ರಾಜೇಸಾಬ ತೆಗೆದದ್ದು ನನ್ನ ಕೈಯನ್ನು ಮಾತ್ರ. ಎಮ್ಮೆಗೆ ಪೂರ್ತಿ ಮುಖ, ನನಗೆ ಬಳೆಯವರೆಗೆ!

ಸಿನಿಮಾ ತೋರಿಸಿದ್ದು ಮುದ್ದೇಬಿಹಾಳದ ಕಲ್ಯಾಣ ಮಂಟಪದಲ್ಲಿ, ಬಿಳಿ ಬಟ್ಟೆ ಕಟ್ಟಿ. ಆವತ್ತು ನಾನು ಯಾರನ್ನೂ ಕೇಳದೆ ಗಿಳಿಹಸಿರು ಸೀರೆಯನ್ನು ಕಪಾಟಿನಿಂದ ತೆಗೆದುಕೊಂಡೆ. ಇದನ್ನು ಉಟ್ಟು ಅಕ್ಕನ ಕಣ್ಣೆದುರೇ ಓಡಾಡಬೇಕು! ಬಸ್ಸಿನ ಧೂಳಿಗೆ ಹೆದರಿ ಚೀಲದಲ್ಲಿಟ್ಟುಕೊಂಡೆ. ಬಸ್ಸು ತಡವಾಗಿ, ಉಡುವ ಮೊದಲೇ ಸಿನಿಮಾ ಶುರುವಾಗಿ, ಸೀರೆ ಚೀಲದಲ್ಲೇ ಉಳಿಯಿತು.

ಬಂದವರು ಅಕ್ಕನ ಹಳೆಯ ಮಂದಿ. ನಾಟಕಕ್ಕೆ ಬಂದಂತೆಯೇ ಬಂದಿದ್ದರು, ಕಂಕುಳಲ್ಲಿ ಆಹೇರಿನ ಗಂಟು! ಮೈಕಿನಲ್ಲಿ ಕೂಗಿದಾಗಲೆಲ್ಲ ರಾಜೇಸಾಬ ಸೀಡಿ ನಿಲ್ಲಿಸುತ್ತಿದ್ದ. ನಾಯಕಿ ಬಾಯಿ ತೆರೆದುಕೊಂಡು ಬಟ್ಟೆಯ ಮೇಲೆ ನಿಲ್ಲುತ್ತಿದ್ದಳು. ಮುಂದಿನ ಸಾಲಿನಲ್ಲಿ ಕೂತ ಅದೇ ಹುಡುಗಿ ಎದ್ದು ಸೀರೆ ತೆಗೆದುಕೊಳ್ಳುತ್ತಿದ್ದಳು. ನಮ್ಮ ಮನೆಯವರಿಗೆ ರುಮಾಲು ಬಂತು. ಎಮ್ಮೆಗೂ ಯಾರೋ ಹಾರ ಕಳಿಸಿದರು. ನನ್ನ ಕಿಚ್ಚಿಗೆ ಯಾರ ಮೇಲೆ ಹೋಗಬೇಕೆಂದೇ ತಿಳಿಯದಾಯಿತು. ಅಕ್ಕನ ಮೆರೆತ ನೋಡೋಣವೆಂದು ಹಿಂದೆ ತಿರುಗಿದೆ.

ಅಕ್ಕ ಎಲ್ಲರ ಹಿಂದೆ, ಸೀಡಿ ಹಾಕಿದ ಯಂತ್ರದ ಪಕ್ಕ ಕತ್ತಲಲ್ಲಿ ನಿಂತಿದ್ದಳು. ನಾಯಕಿಯ ಮಾತೆಲ್ಲ ಅವಳ ತುಟಿಯಲ್ಲಿ ನಡೆದಿತ್ತು. ಮೈಕಿನಲ್ಲಿ ಮತ್ತೆ "ನಾಯಕಿಯವರಿಗೆ" ಎಂದು ಕೂಗಿದರು. ಅಕ್ಕ ತಟ್ಟನೆ ಸೆರಗು ಸರಿಮಾಡಿಕೊಂಡಳು. ಒಂದು ಹೆಜ್ಜೆ ಮುಂದಿಟ್ಟಳು. ಆಮೇಲೆ ಅಲ್ಲೇ ನಿಂತು, ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಒಬ್ಬರೂ ಆ ಕಡೆ ನೋಡಲಿಲ್ಲ.

ನಾಲ್ಕು ತಾಲೂಕು ಅಳಿಸಿದವಳು ಇವಳು. ಇವಳನ್ನು ನೋಡಿ ಉರಿಯಲಾದರೂ ನಾನೊಬ್ಬಳು ಇದ್ದೆ, ಈಗ ನೋಡುವವರೇ ಇಲ್ಲ! ಚೀಲ ತೆಗೆದುಕೊಂಡು ಎದ್ದೆ. ಮೈಕನ್ನು ಕಸಿದುಕೊಂಡೆನೆಂದೇ ಹೇಳಬೇಕು.

"ಸಿಂದಗಿಯಿಂದ ಬಂದಂಥಾ ತಂಗಿ ಕಡಿಂದ, ಸಿನಿಮಾ ತೆಗೆದಂಥಾ ಅಕ್ಕಗ ಒಂದು ಸೀರಿ ಆಹೇರ!"

ಕಡೆಯ ದೃಶ್ಯಕ್ಕೆ ಬಂದಿದ್ದ ಸೀಡಿಯನ್ನು ರಾಜೇಸಾಬ ನಿಲ್ಲಿಸಿದ. ಮಂಟಪಕ್ಕೆ ಮಂಟಪವೇ ಬೆನ್ನು ತಿರುಗಿಸಿ ಹಿಂದೆ ನೋಡಿತು. ಧ್ವನಿ ನನ್ನದೇ ದೊಡ್ಡದೆಂದು ಆಗಲೇ ಹೇಳಿದೆನಲ್ಲ! ಗಿಳಿಹಸಿರು ಸೀರೆಯನ್ನು ಅವಳ ಕೈಯಲ್ಲಿಟ್ಟೆ.

"ಇದನ್ನ ಬದಲಿ ಮಾಡಾಕ ಅಂಗಡಿಗೆ ತಂದೀ ಅಂದ್ರ ನೋಡು ಮತ್ತ" ಎಂದೆ.

ಅಕ್ಕ ಸೀರೆಯನ್ನು ಕಣ್ಣಿಗೊತ್ತಿಕೊಂಡಳು. ಬಹಳ ಹೊತ್ತು ಒತ್ತಿಕೊಂಡೇ ಇದ್ದಳು. ಆಮೇಲೆ ನಾಲ್ಕೂ ದಿಕ್ಕಿಗೆ ಕೈ ಮುಗಿದು, ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದಳು.

"ಎಲ್ಲಿ ಬಿಟ್ಟಿದ್ವಿ?"

ನಾನು ಬಿಳಿ ಬಟ್ಟೆಯ ಕಡೆ ತೋರಿಸಿದೆ. ಅಲ್ಲಿ ನನ್ನ ಕೈ, ಬಳೆಯವರೆಗೆ, ಪರದೆಯ ಹಗ್ಗ ಹಿಡಿದು ಅವಳಿಗಾಗಿ ಕಾಯುತ್ತ ನಿಂತಿತ್ತು.